ಒಂಬತ್ತರ ಮೇಲೆ ಫೋನ್ ಬಂದರೆ

ಹೊಸನಗರ ತಾಲೂಕಿನ ಶಿಕ್ಷಕಿಯೊಬ್ಬರ ಪತ್ರ: "ಊರಿಗೆ ಟವರ್ ಬಂದ ಮೇಲೆ ರಾತ್ರಿ ಹತ್ತಾದರೂ ಪೋಷಕರ ಮೆಸೇಜ್ ನಿಲ್ಲುವುದಿಲ್ಲ. ಉತ್ತರ ಕೊಡದಿದ್ದರೆ 'ಮೇಡಂ ನೋಡಿಯೂ ಸುಮ್ನಿದ್ದಾರೆ' ಅನ್ನುತ್ತಾರೆ. ಮೊನ್ನೆ ಮಗಳು ಏನೋ ಹೇಳುತ್ತಿದ್ದಳು. ನಾನು ಫೋನ್ ನೋಡುತ್ತಾ ಹೂಂ ಹೂಂ ಅನ್ನುತ್ತಿದ್ದೆ. 'ಅಮ್ಮ, ನಾನೀಗ ಏನ್ ಹೇಳ್ದೆ ಹೇಳು' ಅಂದಳು. ನನಗೆ ಗೊತ್ತಿರಲಿಲ್ಲ. ಅವಳು ಖೊಖೊ ತಂಡಕ್ಕೆ ಆಯ್ಕೆಯಾಗಿದ್ದಳು. ನನಗೆ ಫೋನಿನ ಚಟ ಹತ್ತಿದೆಯಾ? ಆಫ್ ಮಾಡಿಡೋಣ ಅಂದರೆ ಸಾಗರದಲ್ಲಿ ನಮ್ಮಮ್ಮ ಒಬ್ಬರೇ ಇದ್ದಾರೆ."

ಮೇಡಂ, ನಮಸ್ಕಾರ.

ನಿಮ್ಮ ಪತ್ರ ಓದಿ ಹೊಟ್ಟೆ ಚುರುಕ್ ಅಂದಿತು. ಆದರೆ ಇದನ್ನು ಚಟ ಅನ್ನಲು ನನಗೆ ಮನಸ್ಸಿಲ್ಲ. ಬಿಡಬೇಕೆಂದರೂ ಬಿಡಲಾಗದೆ, ನಿದ್ದೆ ಕೆಲಸ ಎರಡೂ ಕೆಡುವವರಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ 'ಷಟ್' ಅನ್ನುವ ಕ್ಲಿನಿಕ್ ಇದೆ. ಬೇಕಾದವರು ನಾಚಿಕೆ ಬಿಟ್ಟು ಹೋಗಬೇಕು. ನಿಮ್ಮದು ಬೇರೆ. ನಿಮಗೆ ಇರುವುದು ದಾಕ್ಷಿಣ್ಯ.

ನಾನು ಬೆಳೆದದ್ದು ತೀರ್ಥಹಳ್ಳಿ ಕಡೆ. ಸುತ್ತಿನ ಐದಾರು ಮನೆಗೆ ಇದ್ದದ್ದು ಒಂದೇ ಫೋನು, ಹಳ್ಳದಾಚೆಯ ಮನೆಯಲ್ಲಿ. ನಮ್ಮನೆ ಲಗ್ನಪತ್ರಿಕೆಯಲ್ಲೂ ಅದೇ ನಂಬರು, ಪಕ್ಕದಲ್ಲಿ 'ಪಿ.ಪಿ.', ಅಂದರೆ ಬೇರೆಯವರ ಮನೆ ಫೋನು, ಅಂತ ಅಚ್ಚಾಗಿರುತ್ತಿತ್ತು. ನಮಗೆ ಫೋನ್ ಬಂದರೆ ಅವರ ಮನೆ ಹುಡುಗ ಕಂಬಳಿ ಕೊಪ್ಪೆ ಹಾಕಿಕೊಂಡು, ಹಳ್ಳದ ಮೇಲಿನ ಸಂಕ (ಕಾಲುಸೇತುವೆ) ದಾಟಿ ಬಂದು ಕೂಗಬೇಕು. ಆ ಮಳೆಯಲ್ಲಿ ಅವನು ಬರುವ ಕಷ್ಟ ಫೋನ್ ಮಾಡುವವರಿಗೂ ಗೊತ್ತಿತ್ತು. ಹಾಗಾಗಿ ರಾತ್ರಿ ಒಂಬತ್ತರ ಮೇಲೆ ಯಾರೂ ಮಾಡುತ್ತಿರಲಿಲ್ಲ. ಮಾಡಿದರೆ ಯಾರಿಗೋ ಸೀರಿಯಸ್ ಅಂತಲೇ ಅರ್ಥ. ಅಪ್ಪ ಚಪ್ಪಲಿ ಮೆಟ್ಟದೆ ಓಡುತ್ತಿದ್ದರು.

ಈಗ ಮೆಸೇಜ್ ಹಾಕುವವರಿಗೆ ನಿಮ್ಮ ಮನೆ ಕಾಣುವುದಿಲ್ಲ. ನೀವು ದೋಸೆಗೆ ರುಬ್ಬುತ್ತಿದ್ದೀರೋ, ಮಗಳ ಜಡೆ ಬಿಚ್ಚುತ್ತಿದ್ದೀರೋ, ಅವರಿಗೇನು ಗೊತ್ತು? ಕೆಟ್ಟವರಲ್ಲ ಅವರು. ತೋಟದ ಕೆಲಸ ಮುಗಿಸಿ, ಉಂಡು ಕೂತಾಗಲೇ ಅವರಿಗೆ ಮಗುವಿನ ಹೋಂವರ್ಕ್ ನೆನಪಾಗುವುದು. ನೀವೇ ಹೇಳಬೇಕು, ಮೇಡಂ. ಪೋಷಕರ ಸಭೆಯಲ್ಲಿ ಎದುರೆದುರೇ ಹೇಳಿ: "ಸಂಜೆ ಏಳರ ತನಕ ಉತ್ತರ ಕೊಡ್ತೇನೆ. ಆಮೇಲೆ ಬಂದಿದ್ದಕ್ಕೆ ಬೆಳಿಗ್ಗೆ. ಮಗುವಿಗೆ ಏನಾದ್ರೂ ಆದರೆ ಮಾತ್ರ ಫೋನ್ ಮಾಡಿ." ಸಿಟ್ಟು ಬೇಡ, ಕ್ಷಮೆ ಕೇಳುವುದೂ ಬೇಡ. ಶಾಲೆ ಬಾಗಿಲು ತೆಗೆಯುವ ಹೊತ್ತು ಹೇಳಿದ ಹಾಗೆ ಹೇಳಿ. ಮೊದಲ ವಾರ ಒಬ್ಬಿಬ್ಬರು ಗೊಣಗುತ್ತಾರೆ. ಆಗ 'ಪಾಪ' ಅಂತ ಒಂದೇ ಒಂದು ರಾತ್ರಿ ಉತ್ತರ ಕೊಟ್ಟಿರೋ, ಹೇಳಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ತರಗತಿಯ ಗ್ರೂಪಿಗೆ ನೀವೇ ಅಡ್ಮಿನ್ ಅಲ್ವಾ? ಅಡ್ಮಿನ್ ಮಾತ್ರ ಮೆಸೇಜ್ ಹಾಕುವಂತೆ ಸೆಟ್ಟಿಂಗ್ ಬದಲಿಸಬಹುದು. ಗುಡ್ ನೈಟ್ ಚಿತ್ರಗಳ ಕಾಟವೂ ತಪ್ಪುತ್ತದೆ. 'ನೋಡಿಯೂ ಸುಮ್ನಿದ್ದಾರೆ' ಅನ್ನಿಸುವುದು ವಾಟ್ಸಾಪಿನ ನೀಲಿ ಗುರುತು. ಅದು 2014ರಲ್ಲಿ ಬಂತು. ಪ್ರೈವೆಸಿಯಲ್ಲಿ 'ರೀಡ್ ರಿಸೀಟ್ಸ್' ತೆಗೆದರೆ ಕಾಣಿಸುವುದಿಲ್ಲ. ಆಮೇಲೆ ಬೇರೆಯವರು ಓದಿದ್ದೂ ನಿಮಗೆ ಕಾಣುವುದಿಲ್ಲ. ಗ್ರೂಪಿನಲ್ಲಿ ಮಾತ್ರ ಅದನ್ನು ತೆಗೆಯಲು ಬರುವುದಿಲ್ಲ.

ಇನ್ನು ಅಮ್ಮನ ವಿಷಯ. ಫೋನ್ ಆಫ್ ಮಾಡಲೇಬೇಡಿ. ಆಂಡ್ರಾಯ್ಡ್ ಫೋನಿನಲ್ಲಿ ಸದ್ದು ನಿಲ್ಲಿಸುವ 'ಡು ನಾಟ್ ಡಿಸ್ಟರ್ಬ್' ಸೆಟ್ಟಿಂಗ್ ಇದೆ. ಅಮ್ಮನ ನಂಬರಿಗೂ, ಅವರ ಪಕ್ಕದ ಮನೆಯವರ ನಂಬರಿಗೂ ನಕ್ಷತ್ರದ ಗುರುತು ಹಾಕಿ, ಅದರಲ್ಲಿ ಆ ಗುರುತಿನವರ ಕರೆಗೆ ಮಾತ್ರ ಅನುಮತಿ ಕೊಡಿ. ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರ ತನಕ ತಾನಾಗಿ ಶುರುವಾಗುವಂತೆ ಇಡಬಹುದು. 'ರಿಪೀಟ್ ಕಾಲರ್ಸ್' ಆನ್ ಇದ್ದರೆ, 15 ನಿಮಿಷದೊಳಗೆ ಒಂದೇ ನಂಬರಿನಿಂದ ಎರಡನೇ ಸಲ ಕರೆ ಬಂದಾಗ ಅದೂ ಸದ್ದು ಮಾಡುತ್ತದೆ. ಇದನ್ನು ಅಮ್ಮನಿಗೂ ಹೇಳಿಡಿ, ಅವರಿಗೂ ಧೈರ್ಯ. ಒಂದು ಸಲ ಅವರಿಂದ ಫೋನ್ ಮಾಡಿಸಿ, ಸದ್ದು ಬರುತ್ತದಾ ಅಂತ ನೋಡಿಕೊಳ್ಳಿ. ಚಾರ್ಜಿಗೆ ಹಾಕುವುದು ಜಗಲಿಯಲ್ಲಿ, ದಿಂಬಿನ ಪಕ್ಕ ಬೇಡ. ಸದ್ದು ಜೋರಾಗಿಟ್ಟರೆ ಅಲ್ಲಿಂದಲೇ ಕೇಳುತ್ತದೆ. ಏಳುವುದಕ್ಕೆ ಅಲಾರಂ ಗಡಿಯಾರ ಸಾಕು.

ಮಗಳಿಗೆ ನನ್ನ ಅಭಿನಂದನೆ ಹೇಳಿ. ಖೊಖೊ ಪಂದ್ಯ ಯಾವಾಗ, ಎಲ್ಲಿ? ಅವಳನ್ನೇ ಕೇಳಿ, ನನಗೆ ಕಾರ್ಡಿನಲ್ಲಿ ಬರೆಯಿರಿ.

– ಸಂಪಾದಕ