ಮೂರು ಪಟ್ಟು ಸಂಬಳ, ಎರಡೂವರೆ ಪಟ್ಟು ಖರ್ಚು: ಉಳಿಯುವುದೆಷ್ಟು?

ಓದುಗರೊಬ್ಬರ ಪತ್ರದ ಸಾರ ಇಷ್ಟು. ಹೊರದೇಶದ ಕಂಪನಿಯೊಂದು ಈಗಿನ ಮೂರು ಪಟ್ಟು ಸಂಬಳಕ್ಕೆ ಕರೆದಿದೆ. ಜೀವನವೆಚ್ಚ ಹೋಲಿಸುವ ಜಾಲತಾಣವೊಂದರ ಪ್ರಕಾರ ಅಲ್ಲಿಯ ಖರ್ಚು ಎರಡೂವರೆ ಪಟ್ಟು. ಸಂಗಾತಿಗೂ ಕೆಲಸವಿದೆ, ಸಂಬಳ ಇವರದರ ಅರ್ಧ. ಹೋಗುವುದಾದರೆ ಅದನ್ನು ಬಿಡಬೇಕು. ನಾಲ್ಕು ವರ್ಷದ ಮಗುವಿದೆ. ವಾಸ ಸ್ವಂತ ಮನೆಯಲ್ಲಿ, ಅದರ ಸಾಲ ಇನ್ನೂ ತೀರಿಲ್ಲ. "ಮೂರರಲ್ಲಿ ಎರಡೂವರೆ ಕಳೆದರೂ ಅರ್ಧ ಪಟ್ಟು ಲಾಭವಿದೆ, ಹೊರಡಬಹುದಲ್ಲವೇ?" ಎಂದು ಕೇಳಿದ್ದಾರೆ.

ಪ್ರಿಯ ಓದುಗರೇ,

ಹೊರಡಬೇಕೋ ಬೇಡವೋ ಎಂಬುದು ನಿಮ್ಮ ಮನೆಯ ತೀರ್ಮಾನ. ಆದರೆ ಈ ಕಳೆಯುವ ಲೆಕ್ಕ ತಪ್ಪು ಎಂದು ನಾನು ಧೈರ್ಯವಾಗಿ ಹೇಳಬಲ್ಲೆ. ಮೂರು ಎಂಬುದು ನಿಮ್ಮ ಸಂಬಳವನ್ನು ಗುಣಿಸುವ ಸಂಖ್ಯೆ, ಎರಡೂವರೆ ಎಂಬುದು ನಿಮ್ಮ ಖರ್ಚನ್ನು ಗುಣಿಸುವ ಸಂಖ್ಯೆ. ಸಂಬಳ, ಖರ್ಚು ಎರಡೂ ಒಂದೇ ಆಗಿರುವವರಿಗೆ ಮಾತ್ರ ಒಂದರಿಂದ ಇನ್ನೊಂದನ್ನು ನೇರವಾಗಿ ಕಳೆಯಲು ಬರುತ್ತದೆ. ತಿಂಗಳ ಕೊನೆಗೆ ಬಿಡಿಗಾಸೂ ಉಳಿಯದವರು ಎಂದು ಅದರ ಅರ್ಥ. ಹಾಗಿದ್ದರೆ ನೀವು ಮನೆ ಕಟ್ಟುತ್ತಿರಲಿಲ್ಲ.

ನಿಮ್ಮ ಈಗಿನ ಸಂಬಳ 100 ಎಂದು ಹಿಡಿಯೋಣ. ಸಂಗಾತಿಯದು 50. ಮನೆಯ ಖರ್ಚನ್ನು ನೀವು ತಿಳಿಸಿಲ್ಲ, ಸದ್ಯಕ್ಕೆ 90 ಎನ್ನೋಣ. ಉಳಿತಾಯ 60. ಅಲ್ಲಿ ಒಬ್ಬರದೇ ಸಂಬಳ, 300. ಖರ್ಚು 90ರ ಎರಡೂವರೆ ಪಟ್ಟು, 225. ಉಳಿತಾಯ 75. ಅರವತ್ತಕ್ಕಿಂತ ಎಪ್ಪತ್ತೈದು ಹೆಚ್ಚು, ಸರಿ. ಇಲ್ಲಿಗೇ ನಿಂತರೆ ನಿಮ್ಮ ಮಾತೇ ಗೆದ್ದಂತೆ.

ಈಗ ನನ್ನದೊಂದು ಪ್ರಶ್ನೆ. ಆ 75ನ್ನು ನೀವು ಎಲ್ಲಿ ಖರ್ಚು ಮಾಡುತ್ತೀರಿ? ಊರಿಗೆ ಕಳುಹಿಸಿ ಇಲ್ಲಿಯೇ ಬಳಸುವುದಾದರೆ ಅದು 75ಕ್ಕೆ ಸಮ. ಅಲ್ಲಿಯೇ ನೆಲೆನಿಂತು, ಅಲ್ಲಿಯೇ ಮನೆ ಕೊಂಡು, ಮಗುವನ್ನು ಅಲ್ಲಿಯೇ ಓದಿಸುವುದಾದರೆ ಅದನ್ನು ಎರಡೂವರೆಯಿಂದ ಭಾಗಿಸಬೇಕು. ಉತ್ತರ 30. ಈಗಿನ ಅರವತ್ತರ ಎದುರು ಬರೀ ಅರ್ಧ! ಅದೇ ಸಂಬಳ, ಅದೇ ಕುಟುಂಬ. ಮೂರು ವರ್ಷಕ್ಕೆ ಮರಳುವವರಿಗೆ ಲಾಭ ತೋರಿಸುವ ಲೆಕ್ಕ ನೆಲೆಸುವವರಿಗೆ ನಷ್ಟ ತೋರಿಸುತ್ತದೆ.

ಅರ್ಥಶಾಸ್ತ್ರಜ್ಞರು ಇದನ್ನು ಕೊಳ್ಳುವ ಶಕ್ತಿಯ ಸಮಾನತೆ ಎಂಬ ಹೆಸರಿನಲ್ಲಿ ಚರ್ಚಿಸುತ್ತಾರೆ. ಒಂದೇ ಬುಟ್ಟಿ ಸಾಮಾನು ಎರಡು ದೇಶಗಳಲ್ಲಿ ಎಷ್ಟೆಷ್ಟಕ್ಕೆ ಸಿಗುತ್ತದೆ ಎಂದು ನೋಡಿ, ಅದರಿಂದ ಅವುಗಳ ಕರೆನ್ಸಿಗಳ ನಡುವಿನ ದರವನ್ನು ಕಂಡುಕೊಳ್ಳುವ ಕ್ರಮ ಅದು. ಆ ಹೆಸರನ್ನು ಬಳಕೆಗೆ ತಂದವರು ಸ್ವೀಡನ್ನಿನ ಗುಸ್ತಾವ್ ಕಾಸೆಲ್, 1918ರಲ್ಲಿ. ದುಡಿದ ಜಾಗದಲ್ಲಿಯೇ ಖರ್ಚು ಮಾಡುವವರಿಗೆ ಈ ದರ ಸರಿಯಾದ ಅಳತೆ. ಹಣವನ್ನು ಬೇರೆ ದೇಶಕ್ಕೆ ಕಳುಹಿಸುವವರಿಗೆ ಬ್ಯಾಂಕಿನ ವಿನಿಮಯ ದರವೇ ಗತಿ. ನಿಮ್ಮಂಥವರ ಬದುಕು ಎರಡೂ ದರಗಳ ನಡುವೆ ಹಂಚಿಹೋಗುತ್ತದೆ. ಎಷ್ಟು ಪಾಲು ಎತ್ತ ಎಂಬುದನ್ನು ಯಾವ ಜಾಲತಾಣವೂ ನಿಮ್ಮನ್ನು ಕೇಳುವುದಿಲ್ಲ.

ಇನ್ನು ಆ ಎರಡೂವರೆಯ ಬಗ್ಗೆ. ನಿಮ್ಮ 90ರಲ್ಲಿ ಸಾಲದ ಕಂತು 20 ಇದೆ ಎನ್ನಿ. ನೀವು ಭೂಮಿಯ ಯಾವ ಮೂಲೆಗೆ ಹೋದರೂ ಆ ಕಂತು 20ನ್ನು ಮೀರುವುದಿಲ್ಲ, ಅದನ್ನು ಗುಣಿಸಬೇಕಾಗಿಲ್ಲ. ಉಳಿದ 70ನ್ನು ಮಾತ್ರ ಗುಣಿಸಿ ಕಂತು ಸೇರಿಸಿದರೆ ಅಲ್ಲಿಯ ಖರ್ಚು 195, ಉಳಿತಾಯ 105. ಹಿಗ್ಗಬೇಡಿ. ಸ್ವಂತ ಮನೆಯಲ್ಲಿರುವ ನಿಮಗೆ ಈಗ ಬಾಡಿಗೆ ಸೊನ್ನೆ. ಸೊನ್ನೆಯನ್ನು ಎಷ್ಟರಿಂದ ಗುಣಿಸಿದರೂ ಸೊನ್ನೆಯೇ, ಆದರೆ ಅಲ್ಲಿಯ ಮನೆಯ ಮಾಲೀಕರಿಗೆ ಈ ಗಣಿತ ಒಪ್ಪಿಗೆಯಾಗುವುದಿಲ್ಲ. ನೀವು ನೋಡಿದ ಸಂಖ್ಯೆಯಲ್ಲಿ ಬಾಡಿಗೆ ಸೇರಿದೆಯೇ ಎಂಬುದನ್ನೂ ಪರೀಕ್ಷಿಸಿ. ಜನಪ್ರಿಯ ತಾಣವಾದ ನಂಬಿಯೊದಲ್ಲಿ ಜೀವನವೆಚ್ಚದ ಸೂಚ್ಯಂಕಕ್ಕೆ ಬಾಡಿಗೆ ಸೇರಿರುವುದಿಲ್ಲ, ಅದಕ್ಕೆ ಬೇರೆಯೇ ಸೂಚ್ಯಂಕವಿದೆ. ಅಲ್ಲಿಯ ಬೆಲೆಗಳಲ್ಲಿ ಬಹುಪಾಲು ಬಳಕೆದಾರರೇ ತುಂಬಿದವು. ಮರ್ಸರ್ ಸಂಸ್ಥೆಯ ನಗರಗಳ ಸಮೀಕ್ಷೆಯಲ್ಲಿ ವಸತಿ ಸೇರಿರುತ್ತದೆ, ಆದರೆ ಅದು ಹೊರದೇಶಕ್ಕೆ ಕಳುಹಿಸುವ ನೌಕರರ ಭತ್ಯೆಯನ್ನು ಕಂಪನಿಗಳು ನಿಗದಿ ಮಾಡಲೆಂದು ತಯಾರಾದದ್ದು. ಮೂರನೆಯದು ವಿಶ್ವಬ್ಯಾಂಕ್ ಸಮನ್ವಯಿಸುವ, 1968ರಲ್ಲಿ ಆರಂಭವಾದ ಅಂತರರಾಷ್ಟ್ರೀಯ ಹೋಲಿಕೆ ಕಾರ್ಯಕ್ರಮ. ದೇಶದ ಆರ್ಥಿಕತೆಗಳನ್ನು ತೂಗುವ ಆ ತಕ್ಕಡಿಯಲ್ಲಿ ಒಂದು ಸಂಸಾರ ಮುಳ್ಳನ್ನೂ ಅಲುಗಾಡಿಸದು.

ಎಲ್ಲ ಖರ್ಚೂ ಒಂದೇ ಪಟ್ಟಿನಲ್ಲಿ ಏರುವುದೂ ಇಲ್ಲ. 1986ರಲ್ಲಿ 'ದಿ ಎಕನಾಮಿಸ್ಟ್' ಪತ್ರಿಕೆ ಬಿಗ್ ಮ್ಯಾಕ್ ಬರ್ಗರ್‌ನ ಬೆಲೆಯಿಂದ ಕರೆನ್ಸಿಗಳನ್ನು ಅಳೆಯಲು ತೊಡಗಿತು, ಅರ್ಧ ತಮಾಷೆಗಾಗಿ. ಒಂದೇ ಪಾಕದ ಬರ್ಗರ್ ಬಡ ದೇಶಗಳಲ್ಲಿ ಸಾಮಾನ್ಯವಾಗಿ ಅಗ್ಗವಾಗಿರುವುದು ಏಕೆ? ಅದರ ಬೆಲೆಯಲ್ಲಿ ಅಂಗಡಿಯ ಬಾಡಿಗೆಯೂ ಅದನ್ನು ಮಾಡಿಕೊಡುವವರ ಕೂಲಿಯೂ ಸೇರಿರುತ್ತವೆ. ಬಲಾಸಾ, ಸ್ಯಾಮುಯೆಲ್ಸನ್ ಎಂಬ ಅರ್ಥಶಾಸ್ತ್ರಜ್ಞರು 1964ರಲ್ಲಿ ಬೇರೆ ಬೇರೆಯಾಗಿ ವಿವರಿಸಿದ್ದು ಇದನ್ನೇ. ಗಡಿ ದಾಟಿ ಮಾರಾಟವಾಗುವ ವಸ್ತುಗಳ ಬೆಲೆ ಎಲ್ಲೆಡೆ ಹತ್ತಿರ ಹತ್ತಿರ ಇರಬಹುದು, ಮನುಷ್ಯರ ಸಮಯದ ಬೆಲೆ ಹಾಗಲ್ಲ. ಲ್ಯಾಪ್‌ಟಾಪ್ ಎರಡೂವರೆ ಪಟ್ಟು ಆಗುವುದಿಲ್ಲ. ನಲ್ಲಿ ರಿಪೇರಿ ಆರು ಪಟ್ಟು ಆದೀತು. ನಾನು ಎರಡು ವರ್ಷ ಹೊರದೇಶದಲ್ಲಿದ್ದಾಗ ಕ್ಷೌರದ ದರವನ್ನು ನಮ್ಮ ಹಣಕ್ಕೆ ಪರಿವರ್ತಿಸಿ ಬೆಚ್ಚಿ, ಮೂರು ತಿಂಗಳು ಋಷಿಯಂತೆ ಓಡಾಡಿದೆ. ನಿಮ್ಮ ಪಟ್ಟಿಯಲ್ಲಿ ಮನುಷ್ಯರ ಸಮಯವನ್ನು ಅತಿ ಹೆಚ್ಚು ಬೇಡುವ ಬಾಬತ್ತು ಮಗುವಿನ ಪಾಲನೆ. ಸಂಗಾತಿ ಅಲ್ಲಿ ಕೆಲಸ ಹಿಡಿದರೆ ಮಗುವನ್ನು ನೋಡಿಕೊಳ್ಳಲು ಎಷ್ಟು ತೆರಬೇಕು ಎಂಬುದನ್ನು ಮೊದಲು ವಿಚಾರಿಸಿ. ಕೆಲವೆಡೆ ಸರ್ಕಾರ ಅದರ ದೊಡ್ಡ ಪಾಲನ್ನು ಭರಿಸುತ್ತದೆ, ಕೆಲವೆಡೆ ಎರಡನೆಯ ಸಂಬಳದ ಬಹುಭಾಗ ಅದಕ್ಕೇ ಹೋಗುತ್ತದೆ.

ತೆರಿಗೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ನೀವು ಬರೆದಿರುವ ಮೂರು ಪಟ್ಟು ಒಪ್ಪಂದಪತ್ರದಲ್ಲಿರುವ ಮೊತ್ತವೇ, ಕೈಗೆ ಬರುವ ಮೊತ್ತವೇ? ಅಲ್ಲಿಯ ಕಡಿತ ಇಲ್ಲಿಗಿಂತ ಸಂಬಳದ ಶೇ 10ರಷ್ಟು ಹೆಚ್ಚಿದ್ದರೂ 300ರಲ್ಲಿ 30 ಹೋಯಿತು, ಮೊದಲಿನ ಆ 75 ಈಗ 45. ಹಾಗೆಂದು ಕಡಿತವೆಲ್ಲ ಕಳೆದುಹೋದ ಹಣವೂ ಅಲ್ಲ. ಅದರಲ್ಲಿ ಆರೋಗ್ಯ ವಿಮೆ ಸೇರಿದ್ದರೆ ಖರ್ಚಿನ ಪಟ್ಟಿಯಿಂದ ಆ ಸಾಲನ್ನು ಹೊಡೆದುಹಾಕಿ. ಪಿಂಚಣಿಗೆ ಹೋಗುವ ಪಾಲಿದ್ದರೆ ಎರಡು ದೇಶಗಳ ನಡುವೆ ಸಾಮಾಜಿಕ ಭದ್ರತಾ ಒಪ್ಪಂದ ಇದೆಯೇ ನೋಡಿ. ಇಲ್ಲದಿದ್ದರೆ ಕೆಲವೇ ವರ್ಷ ದುಡಿದು ಮರಳುವವರಿಗೆ ಅದು ದಕ್ಕದೇ ಹೋಗಬಹುದು.

ಸಾಲದ ಕಂತು ಏರುವುದಿಲ್ಲ ಎಂದೆನಲ್ಲ, ಅದಕ್ಕೊಂದು ತಿದ್ದುಪಡಿ. ಸಾಲ ಒಂದು ಕರೆನ್ಸಿಯಲ್ಲಿ, ಸಂಬಳ ಇನ್ನೊಂದರಲ್ಲಿ ಇದ್ದರೆ ವಿನಿಮಯ ದರದ ಜೂಜಿಗೆ ಇಳಿದಂತೆಯೇ. 2016ರ ಜೂನ್ 24ರಂದು, ಬ್ರಿಟನ್ ಐರೋಪ್ಯ ಒಕ್ಕೂಟವನ್ನು ಬಿಡಬೇಕೆಂಬ ಜನಮತ ಹೊರಬಿದ್ದ ದಿನ, ಪೌಂಡ್ ಡಾಲರಿನ ಎದುರು ಶೇ 8ರಷ್ಟು ಕುಸಿಯಿತು. ಪೌಂಡಿನಲ್ಲಿ ದುಡಿದು ಡಾಲರಿನ ಸಾಲ ತೀರಿಸುತ್ತಿದ್ದವರ ಕಂತು ಒಂದೇ ಹಗಲಿನಲ್ಲಿ ಭಾರವಾಯಿತು. ಆರು ತಿಂಗಳ ಕಂತನ್ನಾದರೂ ಸಾಲ ಇರುವ ಕರೆನ್ಸಿಯಲ್ಲಿಯೇ ಎತ್ತಿಟ್ಟು ಹೊರಡುವುದು ಒಳ್ಳೆಯದು. ಮುಂಗಡ ಠೇವಣಿ, ವಿಮಾನ ಟಿಕೆಟ್, ಮೊದಲ ಸಂಬಳ ಬರುವವರೆಗಿನ ಖರ್ಚು, ಇವು ಸೂಚ್ಯಂಕಗಳಿಗೆ ಸಿಗದ, ಆದರೆ ಮೊದಲ ವರ್ಷದ ಉಳಿತಾಯವನ್ನು ತಿಂದುಹಾಕುವ ಬಾಬತ್ತುಗಳು. ಕಂಪನಿ ಇವುಗಳಲ್ಲಿ ಯಾವುದನ್ನು ಕೊಡುತ್ತದೆ ಎಂಬುದನ್ನು ಸಹಿ ಹಾಕುವ ಮೊದಲೇ ಬರಹದಲ್ಲಿ ಪಡೆಯಿರಿ.

ನಿಮ್ಮ ಪತ್ರವನ್ನು ಎರಡು ಬಾರಿ ಓದಿದೆ. ಸಂಗಾತಿ ಕೆಲಸ ಬಿಡಬೇಕು ಎಂದಿದೆ, ಅಲ್ಲಿ ಮತ್ತೆ ಹಿಡಿಯಬಹುದೇ ಎಂಬುದು ಎಲ್ಲಿಯೂ ಇಲ್ಲ. ಅವಲಂಬಿತರ ವೀಸಾದಲ್ಲಿ ದುಡಿಯುವ ಅನುಮತಿ ಕೆಲವು ದೇಶಗಳಲ್ಲಿ ತಾನಾಗಿ ಬರುತ್ತದೆ, ಕೆಲವು ದೇಶಗಳಲ್ಲಿ ಇಲ್ಲವೇ ಇಲ್ಲ. ಮೇಲಿನ ಲೆಕ್ಕದಲ್ಲಿ ಅವರ 50ನ್ನು ನಾನು ಎರಡನೆಯ ಸಾಲಿನಲ್ಲಿಯೇ ಅಳಿಸಿಬಿಟ್ಟಿದ್ದೇನೆ. ಅವರೊಡನೆ ಕುಳಿತು, ನಿಮ್ಮ ನಿಜವಾದ ಅಂಕಿಗಳನ್ನು ಹಾಕಿ ಇನ್ನೊಮ್ಮೆ ಬರೆದು ಕಳುಹಿಸಿ. ಈ ಬಾರಿ ಪತ್ರಕ್ಕೆ ಇಬ್ಬರ ಸಹಿಯೂ ಇರಲಿ.

- ಸಂಪಾದಕ