48 ಕೋರ್ ಕೇಳಿ ಒಂದನ್ನೇ ದುಡಿಸಿದವರು

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದೆ.)

ಸಲಹೆ ಕೇಳಿ ಬಂದವರು ಎರಡನೇ ವರ್ಷದ ಪಿಎಚ್‌ಡಿ ವಿದ್ಯಾರ್ಥಿನಿ. ನಿದ್ದೆಯಿಲ್ಲ, ಲ್ಯಾಬಿನ ಸೀನಿಯರ್ ಮಾತು ಬಿಟ್ಟಿದ್ದಾರೆ. ಕ್ಲಸ್ಟರ್‌ನಲ್ಲಿ (ಹಲವರು ಹಂಚಿಕೊಳ್ಳುವ ಕಂಪ್ಯೂಟರ್‌ಗಳ ಗುಂಪು, ಒಂದೊಂದೂ ಒಂದು ನೋಡ್) ಜಾಬ್‌ಗಳು, ಅಂದರೆ ಓಡಿಸಲು ಕೊಟ್ಟ ಕೆಲಸಗಳು, ಮೂರು ದಿನದಿಂದ ಪೆಂಡಿಂಗ್. ರಾತ್ರಿ ಎರಡಕ್ಕೂ ಎದ್ದು ಎಸ್‌ಕ್ಯೂ (ಸರದಿ ತೋರಿಸುವ ಆಜ್ಞೆ, squeue) ಹೊಡೆದು ನೋಡುತ್ತಾರೆ. ತಾಳಲಾರದೆ ಲಾಗಿನ್ ನೋಡ್‌ನಲ್ಲೇ ಪ್ರೋಗ್ರಾಂ ಓಡಿಸಿ, ಅಡ್ಮಿನ್‌ರಿಂದ ಎಚ್ಚರಿಕೆಯ ಮೇಲ್ ಬಂದಿದೆ. “ಅಕೌಂಟ್ ಬ್ಲಾಕ್ ಮಾಡಿಬಿಡ್ತಾರಾ ಮೇಡಂ?”

ಸಮಾಧಾನಕ್ಕಿಂತ ಮೊದಲು, ಮುಗಿದ ಜಾಬ್ ಒಂದಕ್ಕೆ ಸೆಫ್ (ಕೇಳಿದ್ದರಲ್ಲಿ ಬಳಸಿದ್ದೆಷ್ಟು ಎಂದು ತೋರಿಸುವ ಆಜ್ಞೆ, seff) ಹಾಕಿಸಿದ್ದಾಯಿತು. ಕೇಳಿದ್ದು 48 ಕೋರ್ (ಪ್ರೊಸೆಸರ್‌ನ ಲೆಕ್ಕ ಮಾಡುವ ಘಟಕ), 180 ಜಿಬಿ ಮೆಮೊರಿ, 72 ಗಂಟೆ. ಓಡಿದ್ದು 5 ಗಂಟೆ, ಬಳಸಿದ್ದು 9 ಜಿಬಿ, ಸಿಪಿಯು ದಕ್ಷತೆ ಶೇ. 2. ಅವರ ಪೈಥಾನ್ ಸ್ಕ್ರಿಪ್ಟ್‌ಗೆ ಎರಡನೇ ಕೋರ್ ಬಳಸಲು ಬರುವುದೇ ಇಲ್ಲ. ಮೊದಲ ವರ್ಷ ಒಂದು ಜಾಬ್ 24 ಗಂಟೆಯ ಮಿತಿ ಮುಟ್ಟಿ ಸತ್ತಿತ್ತಂತೆ. ಅಂದಿನಿಂದ ಎಲ್ಲದಕ್ಕೂ ಗರಿಷ್ಠ. ಜಾಬ್ ಸ್ಕ್ರಿಪ್ಟ್ ಬರೆದದ್ದು ಭಯ.

ದೊಡ್ಡ ಜಾಬ್‌ಗೆ ನೋಡ್ ಕಾದಿರಿಸುವಾಗ ಉಳಿಯುವ ಖಾಲಿ ಹೊತ್ತಿಗೆ ಸ್ಲರ್ಮ್ (ಕ್ಲಸ್ಟರ್‌ನ ಸರದಿ ನೋಡಿಕೊಳ್ಳುವ ತಂತ್ರಾಂಶ) ಸಣ್ಣ ಜಾಬ್‌ಗಳನ್ನು ತೂರಿಸುತ್ತದೆ, ಅದೇ ಬ್ಯಾಕ್‌ಫಿಲ್. ಇಡೀ ನೋಡ್ 72 ಗಂಟೆ ಬೇಕೆಂದವರು ಆ ಸಂದಿಯಲ್ಲಿ ಹಿಡಿಸರು. ಸೀನಿಯರ್ ಸಿಟ್ಟಿಗೂ ಕಾರಣವಿದೆ. ಖರ್ಚು ಬೀಳುವುದು ಹಿಡಿದಿಟ್ಟ ಕೋರ್‌ಗೆ: 5 ಕೋರ್-ಗಂಟೆಯ ಕೆಲಸಕ್ಕೆ 240. ಇಲ್ಲಿ ಫೇರ್‌ಶೇರ್ (ಹೆಚ್ಚು ಬಳಸಿದವರನ್ನು ಸರದಿಯಲ್ಲಿ ಹಿಂದಕ್ಕೆ ಸರಿಸುವ ಲೆಕ್ಕ) ಇಡೀ ಲ್ಯಾಬಿನದು, ಹಾಗಾಗಿ ಎಲ್ಲರ ಆದ್ಯತೆಯೂ ಕುಸಿದಿತ್ತು. ಹಳೆಯ ಬಳಕೆಯ ಭಾರ ಕರಗುತ್ತದೆ. ಸ್ಲರ್ಮ್‌ನ ಡೀಫಾಲ್ಟ್ ಅರ್ಧಾಯು, ಅಂದರೆ ಆ ಭಾರ ಅರ್ಧಕ್ಕಿಳಿಯುವ ಅವಧಿ, 7 ದಿನ.

ಸಲಹೆ: ಪೆಂಡಿಂಗ್ ಇರುವುದನ್ನೆಲ್ಲ ಎಸ್‌ಕ್ಯಾನ್ಸಲ್ ಮಾಡಿ. ಒಂದೇ ಸ್ಯಾಂಪಲ್ ಓಡಿಸಿ, ಸೆಫ್ ಹೇಳಿದ್ದರ ಮೇಲೆ ಮೂರನೇ ಒಂದು ಭಾಗ ಸೇರಿಸಿ: 1 ಕೋರ್, 12 ಜಿಬಿ, 7 ಗಂಟೆ. 200 ಸ್ಯಾಂಪಲ್‌ಗೆ ಜಾಬ್ ಅರೇ (ಒಂದೇ ಬಗೆಯ ಹಲವು ಜಾಬ್‌ಗಳ ಸಾಲು), 1-200%20, ಅಂದರೆ ಒಮ್ಮೆಗೆ ಇಪ್ಪತ್ತೇ ಓಡಲಿ. ಮೆಮೊರಿ ಸಾಲದೆ ಸತ್ತವು ಎಸ್‌ಆಕ್ಟ್‌ನಲ್ಲಿ (ಜಾಬ್‌ಗಳ ದಾಖಲೆ ತೋರಿಸುವ ಆಜ್ಞೆ, sacct) ‘ಔಟ್ ಆಫ್ ಮೆಮೊರಿ’ ಎಂದು ಕಾಣುತ್ತವೆ. ಆ ನಂಬರುಗಳನ್ನಷ್ಟೇ 16 ಜಿಬಿಗೆ ಮತ್ತೆ ಹಾಕಿ. ಮೇಲ್-ಟೈಪ್‌ಗೆ ಎಂಡ್, ಫೇಲ್ ಬರೆಯಿರಿ (ಇಡೀ ಅರೇಗೆ ಸೇರಿಸಿ ಬರುತ್ತದೆ, 200 ಮೇಲ್ ಬರುವುದಿಲ್ಲ). ಮೇಲ್ ಬರುವವರೆಗೆ ರಾತ್ರಿ ಎಸ್‌ಕ್ಯೂ ಮುಟ್ಟಬೇಡಿ.

ಲಾಗಿನ್ ನೋಡ್ ಎಲ್ಲರೂ ಹಾಯುವ ಬಾಗಿಲು. ಒಬ್ಬರು ಅದರ ಮೆಮೊರಿ ನುಂಗಿದರೆ ಉಳಿದವರಿಗೆ ಫೈಲ್ ತೆರೆಯಲೂ ಆಗದು. ಅಡ್ಮಿನ್‌ಗೆ ಎರಡು ಸಾಲು ಸಾಕು: ನಿಲ್ಲಿಸಿದ್ದೇನೆ, ಇನ್ನು ಎಸ್‌ರನ್ ಆಜ್ಞೆಯಲ್ಲಿ (srun) ಕಂಪ್ಯೂಟ್ ನೋಡ್ ಪಡೆದು ಪರೀಕ್ಷಿಸುತ್ತೇನೆ.

ಸೀನಿಯರ್‌ಗೆ ಮೇಲ್ ಬೇಡ, ಎದುರಿಗೇ ಕೂತು ಸೆಫ್ ತೋರಿಸಿ: “ಅಕ್ಕಾ, 48 ಹಾಕಿದ್ದು ನನ್ನ ತಪ್ಪು, ಒಂದಕ್ಕೆ ಇಳಿಸಿದ್ದೀನಿ. ನಿಮ್ಮ ಡೆಡ್‌ಲೈನ್ ಯಾವಾಗ? ಅಲ್ಲೀವರೆಗೆ ನನ್ನ ಅರೇ ಹೋಲ್ಡ್‌ನಲ್ಲಿರಲಿ.”