ಬಡವರ ದಾವೆ ಜಗಳಗಂಟತನವಲ್ಲ

ಕುಮಟಾದ ಓದುಗರೊಬ್ಬರ ಪತ್ರ: ‘ಸರಕಾರವೇ ಪುಕ್ಕಟೆ ವಕೀಲರನ್ನು ಕೊಡುತ್ತಾ ಹೋದರೆ ಗದ್ದೆಯ ಬದುವಿಗೂ ತೋಟದ ಬೇಲಿಗೂ ದಾವೆ ಹೂಡುವವರು ಹೆಚ್ಚುತ್ತಾರೆ. ಬಡವರಿಗೆ ಕೋರ್ಟಿಗಿಂತ ಲೋಕ ಅದಾಲತ್ತಿನ ರಾಜಿಯೇ ಲೇಸು.’

ಸಂಪಾದಕರ ಉತ್ತರ: ಮಾನ್ಯರೇ, ಈ ವಿಷಯ ಬಂದರೆ ನನಗೆ ಸುಮ್ಮನಿರಲಾಗುವುದಿಲ್ಲ ಎಂಬುದು ನಮ್ಮ ಹಳೆಯ ಓದುಗರಿಗೆ ಗೊತ್ತು. ಸಿವಿಲ್ ದಾವೆಗಳು ವರ್ಷಗಟ್ಟಲೆ ಎಳೆಯುತ್ತವೆ, ಅದಾಲತ್ತಿನಲ್ಲಿ ಇತ್ಯರ್ಥವಾದರೆ ಕಟ್ಟಿದ ಕೋರ್ಟ್ ಶುಲ್ಕವೂ ಮರಳಿ ಸಿಗುತ್ತದೆ, ಇದಿಷ್ಟನ್ನು ಒಪ್ಪುತ್ತೇನೆ. ಆದರೆ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟಕ್ಕಾಗಿ, ತೋಟದ ದಾರಿಗಾಗಿ ತಲೆಮಾರುಗಟ್ಟಲೆ ಕೋರ್ಟು ಹತ್ತಿದವರು ಯಾರು? ಪುಕ್ಕಟೆ ವಕೀಲರಿಗಾಗಿ ಕಾದವರಂತೂ ಅಲ್ಲ, ಅಡಿಕೆಯ ದುಡ್ಡು ಕೈಯಲ್ಲಿದ್ದವರು. ಅವರ ಛಲವನ್ನು ಹಕ್ಕಿನ ಹೋರಾಟವೆಂದು ಹೊಗಳುವ ನಾವು, ಮೀನು ಮಾರುವ ಹೆಂಗಸು ತವರಿನ ಆಸ್ತಿಯಲ್ಲಿ ಹಿಸ್ಸೆ ಕೇಳಿದೊಡನೆ ಅವಳನ್ನು ಜಗಳಗಂಟಿ ಎನ್ನುತ್ತೇವೆ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಆದ ತಿದ್ದುಪಡಿ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ಕೊಟ್ಟಿತು. ಅಣ್ಣತಮ್ಮಂದಿರು ಕೊಡೆವೆಂದರೆ ಆ ಹಕ್ಕಿಗೆ ಕೋರ್ಟಿನ ಹೊರತು ಬೇರೆ ಯಾವ ಬಾಗಿಲಿದೆ?

ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ 1987ರದು, ಜಾರಿಗೆ ಬಂದದ್ದು 1995ರ ನವೆಂಬರ್ 9ರಂದು. ಅದರ 12ನೇ ಕಲಮಿನ ಪ್ರಕಾರ ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ ಉಚಿತ ಕಾನೂನು ನೆರವು ಸಿಗಲು ಆದಾಯದ ಮಿತಿಯೇ ಇಲ್ಲ. ಉಳಿದವರು ಆದಾಯದ ಬಗ್ಗೆ ಅಫಿಡವಿಟ್ ಸಲ್ಲಿಸಿದರೆ, ಅದನ್ನು ನಂಬದಿರಲು ಕಾರಣವಿಲ್ಲದಿದ್ದಾಗ, ಅಷ್ಟನ್ನೇ ಸಾಕೆಂದು ಪರಿಗಣಿಸಲು 13ನೇ ಕಲಮು ಅವಕಾಶ ಕೊಡುತ್ತದೆ. ಹೀಗಿದ್ದೂ ನನಗೆ ಪರಿಚಯದ ವಿಧವೆಯೊಬ್ಬರನ್ನು ಕಚೇರಿಯೊಂದರಲ್ಲಿ ಮೊದಲು ಆದಾಯ ಪ್ರಮಾಣಪತ್ರ ತನ್ನಿರೆಂದು ಹಿಂದಕ್ಕೆ ಕಳಿಸಿದರು. ಹೆಣ್ಣೆಂಬ ಒಂದೇ ಕಾರಣಕ್ಕೆ ಅವರು ಅರ್ಹರಾಗಿದ್ದರು! ನಾಡಕಚೇರಿಗೆ ಅಲೆದಲೆದು ಅವರು ದಾವೆಯ ಆಸೆಯನ್ನೇ ಬಿಟ್ಟರು. ನಿಮ್ಮ ಲೆಕ್ಕದಲ್ಲಿ ಇದೂ ಒಂದು ವ್ಯಾಜ್ಯ ಕಡಿಮೆಯಾದಂತೆ, ಅಲ್ಲವೇ?

ರಾಜಿಯ ಮಾತಿಗೆ ಬರೋಣ. ಲೋಕ ಅದಾಲತ್ತಿನ ತೀರ್ಮಾನಕ್ಕೆ ಡಿಕ್ರಿಯ, ಅಂದರೆ ಸಿವಿಲ್ ಕೋರ್ಟಿನ ತೀರ್ಪಿನ, ಬಲವಿದೆ, ಅದರ ಮೇಲೆ ಅಪೀಲು ಇಲ್ಲ. ಹಾಗಾಗಿಯೇ ಅಲ್ಲಿ ಕೂರುವ ಬಡವನ ಪಕ್ಕದಲ್ಲಿ ಅವನದೇ ವಕೀಲರಿರಬೇಕು. ಕೇಸು ನಡೆಸುವ ಶಕ್ತಿಯಿದ್ದವನು ಒಪ್ಪಿಕೊಳ್ಳುವ ರಾಜಿ ಬೇರೆ, ಮುಂದಿನ ವಾಯಿದೆಗೆ ಬಸ್ಸಿನ ದುಡ್ಡಿಲ್ಲದವನು ಒಪ್ಪಿಕೊಳ್ಳುವ ರಾಜಿ ಬೇರೆ. ಇದು ನಿಮಗೆ ತಿಳಿಯದ ಸಂಗತಿಯಲ್ಲ.

ದೂರವೂ ಒಂದು ಶುಲ್ಕವೇ. 2008ರಲ್ಲಿ ಧಾರವಾಡಕ್ಕೆ ಹೈಕೋರ್ಟ್ ಪೀಠ ಬರುವವರೆಗೆ ನಮ್ಮವರು ಅಪೀಲಿಗೆ ಬೆಂಗಳೂರಿಗೇ ಹೋಗಬೇಕಿತ್ತು. ಜೋಯಿಡಾದ ಕಾಡಂಚಿನವರಿಗೆ ಇಂದಿಗೂ ಜಿಲ್ಲಾ ಕೇಂದ್ರವಾದ ಕಾರವಾರ ಹತ್ತಿರವೆನಿಸಿಲ್ಲ. ನೌಕಾನೆಲೆಗೆ, ಅಣೆಕಟ್ಟಿಗೆ, ರಸ್ತೆಗೆ ನೆಲ ಬಿಟ್ಟುಕೊಟ್ಟ ಜಿಲ್ಲೆ ಇದು. ಪರಿಹಾರ ಸಾಲದೆಂದು ಅವಧಿಯೊಳಗೆ ಬರೆದು ಅರ್ಜಿ ಕೊಡಬೇಕೆಂದು ಹೇಳುವವರು ಇದ್ದವರಿಗೂ ಇಲ್ಲದವರಿಗೂ ಸಿಗುವ ಮೊತ್ತದಲ್ಲಿ ಎಷ್ಟು ಅಂತರವಾಗಬಹುದೆಂದು ಯೋಚಿಸಿ. ಪಂಚಾಯತಿ ಗೋಡೆಗಳ ಮೇಲೆ ಕಾಮಗಾರಿ ಉದ್ಘಾಟಿಸಿದವರ ಹೆಸರುಗಳಿಗೆ ಜಾಗವಿದೆ. ಕಾನೂನು ನೆರವಿನ 15100 ಎಂಬ ಉಚಿತ ಸಹಾಯವಾಣಿಯನ್ನು, ತಾಲೂಕು ಕೋರ್ಟಿನಲ್ಲೇ ಕಾನೂನು ಸೇವಾ ಸಮಿತಿ ಇದೆಯೆಂಬುದನ್ನು ಅಲ್ಲಿ ದೊಡ್ಡಕ್ಷರದಲ್ಲಿ ಬರೆಸಲು ಎಷ್ಟು ಬಣ್ಣ ಬೇಕು?